ಮೂರಕ್ಕೇನು ದೋಷ?

ಹೊಸ ಬಟ್ಟೆಗೆ ಇಸ್ತ್ರಿ ತಾಗಿದಾಗ ಏಳುವ ಗಂಜಿಯ ವಾಸನೆಗೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಸೇರಿದರೆ ಸಾಕು, ನಾನು ಬಣಕಲ್‌ನ ಆ ಎರಡು ಕೋಣೆಯ ಮನೆಯೊಳಗಿರುತ್ತೇನೆ. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಈಗ ಬಸ್ಸಿನಲ್ಲಿ ಹೋದರೆ ಅದು ಎಲ್ಲಿತ್ತೆಂದು ಗುರುತಿಸುವಷ್ಟರಲ್ಲಿ ಊರೇ ಹಿಂದೆ ಸರಿದಿರುತ್ತದೆ. ಅಪ್ಪ ಅಮ್ಮ ಜಾವಳಿ ಕಡೆಯ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು. ಮೂಡಿಗೆರೆಯ ಕಾಲೇಜಿಗೆ ಅಲ್ಲಿಂದ ಬಸ್ಸು ಸರಿಯಾಗುವುದಿಲ್ಲವೆಂದು ನನ್ನನ್ನು ಪಾರ್ವತಿ ಚಿಕ್ಕಮ್ಮನ ಹತ್ತಿರ ಬಿಟ್ಟಿದ್ದರು. ಅವಳು ರವಿಕೆ ಹೊಲಿದು ಒಬ್ಬಳೇ ಬದುಕುತ್ತಿದ್ದಳು. ಎಸೆಸೆಲ್ಸಿ ಮುಗಿಸಿದ್ದಳು; ಮುಂದೆ ಓದಿಸುವವರಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿ ಅವಳದು, ಇನ್ನೊಂದು ತುದಿ ನನ್ನದು.

ಫಸ್ಟ್ ಪಿಯುಸಿಯ ಮೊದಲ ಟೆಸ್ಟಿನಲ್ಲಿ ನನಗೆ ಗಣಿತ ಕೈಕೊಟ್ಟಿತು. ಉತ್ತರಪತ್ರಿಕೆಯ ಕೆಂಪು ಗೆರೆಯೊಂದರ ಮೇಲೆ ಚಿಕ್ಕಮ್ಮ ಬೆರಳಿಟ್ಟು ಅದೇನೆಂದು ಕೇಳಿದಳು. ಎಕ್ಸ್ ಇರುವ ಜಾಗಕ್ಕೆ ಯಾವ ಯಾವ ಸಂಖ್ಯೆ ಹಾಕಬಹುದೋ ಅವೆಲ್ಲ ಸೇರಿ ಡೊಮೈನ್ ಎಂದು ಹೇಳಿದೆ. ಲೆಕ್ಕದಲ್ಲಿ ಮೇಲೆ ಎಕ್ಸ್ ವರ್ಗ ಮೈನಸ್ ಒಂಬತ್ತು, ಕೆಳಗೆ ಎಕ್ಸ್ ಮೈನಸ್ ಮೂರು. ನಾನು ಮೇಲಿನದನ್ನು ಅಪವರ್ತಿಸಿ, ಎರಡೂ ಕಡೆ ಇದ್ದುದನ್ನು ಹೊಡೆದುಹಾಕಿ, ಎಕ್ಸ್ ಪ್ಲಸ್ ಮೂರು ಉಳಿಸಿಕೊಂಡು, ಎಲ್ಲ ಸಂಖ್ಯೆಗಳನ್ನೂ ಹಾಕಬಹುದು ಎಂದು ಬರೆದಿದ್ದೆ. ಮೂರನ್ನು ಬಿಟ್ಟು ಎಂದು ಸರ್ ತಿದ್ದಿದ್ದರು.

"ಮೂರು ಹಾಕಿದ್ರೆ ಆರು ಬರುತ್ತಲ್ಲೇ. ಅದಕ್ಕೆಂತ ದೋಷ?"

"ಗೊತ್ತಿಲ್ಲ. ಸರ್ ಹೇಳಿದ್ರು, ಅಷ್ಟೆ."

"ಅವ್ರು ಹೇಳಿದ್ರೂಂತ ಮೂರು ಹೊರಗೆ ಹೋಗುತ್ತಾ ಮಾರಾಯ್ತಿ?"

ಆ ವಾರವೆಲ್ಲ ರವಿಕೆಗಳು ತಡವಾದವು. ಮೇಜಿನ ಹಲಗೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅವಳು ಲೆಕ್ಕ ಮಾಡುತ್ತಿದ್ದಳು. ಮೊದಲಿನ ರೂಪದಲ್ಲೇ ಎರಡೂವರೆ ಹಾಕಿದಳು, ಐದೂವರೆ ಬಂತು. ಎರಡು ಪಾಯಿಂಟ್ ಒಂಬತ್ತಕ್ಕೆ ಐದು ಪಾಯಿಂಟ್ ಒಂಬತ್ತು. ಮೂರು ಹಾಕಿದಾಗ ಮಾತ್ರ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಅವಳು ಅದನ್ನು ಒರೆಸಿ ಮತ್ತೆ ಮೊದಲಿನಿಂದ ಮಾಡಿದಳು.

ಶನಿವಾರ ಲೈನಿಂಗ್ ಬಟ್ಟೆ ತರಲು ಮೂಡಿಗೆರೆಗೆ ಬಂದವಳು ನೇರ ಕಾಲೇಜಿಗೇ ಬಂದುಬಿಟ್ಟಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನನಗೆ ನಾಚಿಕೆಯಾಯಿತು. ಸ್ಟಾಫ್ ರೂಮ್ ತೋರಿಸಿ, ನೀನೇ ಹೋಗು ಎಂದು ಕಂಬದ ಮರೆಯಲ್ಲಿ ನಿಂತೆ. ಆ ನಿಂತದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಯಾರ ಪೇರೆಂಟು?" ಎಂದರು ಸರ್.

"ಪೇರೆಂಟ್ ಅಲ್ಲ ಸರ್. ನಂಗೇ ಒಂದು ಅನುಮಾನ."

ಒಳಗಿದ್ದವರು ಯಾರೋ ನಕ್ಕರು. ಅವಳು ಲೆಕ್ಕ ಹೇಳುತ್ತಾ ಹೋದಳು. ಸರ್ ಮುಖದಲ್ಲಿದ್ದ ಅವಸರ ಇಳಿಯಿತು. ಕುರ್ಚಿ ಎಳೆದು, "ಕೂತ್ಕೊಳ್ಳಿ ಅಮ್ಮ" ಎಂದು ಕಾಗದದ ಮೇಲೆ ಓರೆಯಾಗಿ ಒಂದು ನೇರ ಗೆರೆ ಎಳೆದು, ಅದರ ನಡುವೆ ಒಂದು ಸಣ್ಣ ಖಾಲಿ ವೃತ್ತ ಬರೆದರು. "ಏನು ಹಾಕ್ಬಹುದು ಅಂತ ಹೊಡೆದುಹಾಕೋಕೆ ಮೊದಲೇ ನೋಡ್ಬೇಕು. ಸೊನ್ನೆಯಿಂದ ಭಾಗಿಸೋ ಹಾಗಿಲ್ವಲ್ಲ. ಆಮೇಲೆ ರೂಪ ಎಷ್ಟೇ ಚೆಂದ ಆದ್ರೂ ಮೂರು ಹೊರಗೇ. ಗೆರೆ ಪೂರ್ತಿ ಇದೆ, ಇಲ್ಲೊಂದು ಬಿಂದು ಮಾತ್ರ ಇಲ್ಲ."

"ತೂತು!" ಎಂದಳು ಚಿಕ್ಕಮ್ಮ. ಅಷ್ಟು ಸಂತೋಷ ಅವಳ ದನಿಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಅಷ್ಟರಲ್ಲಿ ನಾನೂ ಬಾಗಿಲವರೆಗೆ ಬಂದಿದ್ದೆ. ನನಗೂ ಆ ಕ್ಷಣದಲ್ಲೇ ಅರ್ಥವಾಯಿತು. ಆರ್ಟ್ಸಿಗೆ ಬದಲಾಯಿಸಿಕೊಳ್ಳಬೇಕೆಂದಿದ್ದವಳು ಸೈನ್ಸಿನಲ್ಲೇ ಉಳಿದೆ.

ಬಸ್ಸಿನಲ್ಲಿ ಆ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು ಅವಳು ಕೇಳಿದಳು: "ಎರಡು ಪಾಯಿಂಟ್ ಒಂಬತ್ತೊಂಬತ್ತು ಗೆರೆ ಮೇಲೆ ಉಂಟು. ಇನ್ನೊಂದು ಒಂಬತ್ತು ಹಾಕಿದ್ರೂ ಉಂಟು. ಹಾಗಾದ್ರೆ ಆ ತೂತು ಎಷ್ಟು ಅಗಲ ಇರ್ಬಹುದೇ?"

"ಮೆಲ್ಲ ಚಿಕ್ಕಮ್ಮ, ಜನ ನೋಡ್ತಿದ್ದಾರೆ" ಎಂದೆ. ಅವಳು ಕಾಗದ ಮಡಚಿಟ್ಟಳು.

ಉತ್ತರ ನನಗೆ ಸಿಕ್ಕಿದ್ದು ಡಿಗ್ರಿಯ ಎರಡನೇ ವರ್ಷದಲ್ಲಿ. ಅವಳು ತೀರಿಕೊಂಡು ಆಗ ನಾಲ್ಕು ತಿಂಗಳು. ಹಾಸ್ಟೆಲಿನ ಮಂಚದ ಮೇಲೆ ಕೂತು, ಅದಕ್ಕೆ ಅಗಲವೇ ಇಲ್ಲ ಚಿಕ್ಕಮ್ಮ, ಆದರೂ ಅದು ಅಲ್ಲಿದೆ ಎಂದು ಮೆಲ್ಲನೆ ಹೇಳಿದೆ. ಅವಳಿದ್ದಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ, ಇನ್ನೊಂದು ಪ್ರಶ್ನೆ ಕೇಳೇ ಕೇಳುತ್ತಿದ್ದಳು. ಅದು ಏನಿರುತ್ತಿತ್ತೆಂದು, ಇಷ್ಟು ವರ್ಷ ಇದೇ ಪಾಠ ಮಾಡಿದ ಮೇಲೂ, ನನಗೆ ಊಹಿಸಲು ಆಗಿಲ್ಲ.