ಅಂಜೂರದ ಮರಕ್ಕೆ ಹತ್ತು ನಿಮಿಷ

ಮುಂದಿನ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಹತ್ತೂವರೆಗೆ ನಮ್ಮ ಮನೆಯವರಿಗೆಲ್ಲ ಬಾಯಾರಿಕೆ ಆಗಲಿದೆ. ನಾನು ಜ್ಯೋತಿಷಿಯಲ್ಲ. ನನ್ನ ಗಂಡ ಶ್ರೀಧರ ತನ್ನ ಸ್ಪ್ರೆಡ್‌ಶೀಟಿನಲ್ಲಿ ಹಾಗೆ ಬರೆದಿದ್ದಾನೆ.

ವಿಷಯ ಇಷ್ಟೇ. ನಾವು ಮೊದಲ ಸಲ ಚಾರ್ಲ್ಸ್‌ಟನ್‌ಗೆ ಹೊರಟಿದ್ದೇವೆ. ಮಿಲ್ ಕ್ರೀಕ್‌ನ ನಮ್ಮ ಮನೆ ದೇಶದ ವಾಯವ್ಯ ತುದಿಯಲ್ಲಿದೆ, ಅಲ್ಲಿಂದ ನೋಡಿದರೆ ಅದು ಆ ಇನ್ನೊಂದು ಮೂಲೆ. ದಕ್ಷಿಣದ ಕಡಲತೀರದ ಹಳೇ ಊರು, ಜಗಲಿಯಿರುವ ಹಳೇ ಮನೆಗಳು, ಕುದುರೆಗಾಡಿ. ಮೂರು ದಿನಕ್ಕೆ ನಲವತ್ತೊಂದು ಸಾಲುಗಳ ಪ್ಲಾನ್. ಹದಿಮೂರು ವರ್ಷದ ಮಗಳು ಅದಿತಿ ಅದನ್ನು ಓದಿ, "ಅಪ್ಪಾ, ವಾಟ್ ಇಫ್ ಐಯಾಮ್ ನಾಟ್ ಥರ್ಸ್ಟಿ?" ಎಂದಳು.

"ಪರವಾಗಿಲ್ಲ, ಹನ್ನೆರಡೂ ಕಾಲಿಗೆ ಇನ್ನೊಂದು ಸ್ಲಾಟ್ ಇದೆ" ಎಂದ ಶ್ರೀಧರ. ತಮಾಷೆಗಲ್ಲ.

ಪ್ರವಾಸವೆಂದರೆ ನಮ್ಮವರಿಗೆ ಇನ್ನೊಂದು ಪ್ರಾಜೆಕ್ಟ್ ತಾನೆ? (ನಿಮ್ಮ ಮನೆಯಲ್ಲಿ ಹಾಗಲ್ಲ ಎಂದರೆ ನಿಮ್ಮ ಮನೆಯ ವಿಳಾಸ ಕಳಿಸಿ, ನಾನು ಅಲ್ಲಿಗೇ ಬಂದುಬಿಡುತ್ತೇನೆ.)

ಇರಲಿ. ಫ್ಯಾಕ್ಟೋರಿಯಾ ಬಡಾವಣೆಯ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕ್ ಲೊರೇನ್ ಅವರದು. ಅರವತ್ತು ದಾಟಿದ ಕಪ್ಪು ಮಹಿಳೆ, ಚಾರ್ಲ್ಸ್‌ಟನ್‌ನಲ್ಲೇ ಹುಟ್ಟಿ ಬೆಳೆದವರು. ಪ್ಲಾನನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. "ಏನಾದ್ರೂ ಬಿಟ್ಟುಹೋಗಿದ್ಯಾ ನೋಡಿ."

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ನಾವು ಫೋಟೋ ತೆಗೆಸಿಕೊಳ್ಳಬೇಕೆಂದಿದ್ದ ಒಂದು ದೊಡ್ಡ ಮನೆಯ ಹೆಸರಿನ ಮೇಲೆ ಬೆರಳು ನಿಂತಿತು.

"ಈ ಮನೇಲಿ ನಮ್ಮಜ್ಜಿ ಬಟ್ಟೆ ಒಗೀತಿದ್ಲು. ಹಿತ್ತಲ ಬಾಗಿಲಿಂದ ಹೋಗಿ ಹಿತ್ತಲ ಬಾಗಿಲಿಂದ ಬರಬೇಕಿತ್ತು. ಇದನ್ನ ಕಟ್ಟಿದ್ದು ಅವಳ ಅಜ್ಜಿಯ ಕಾಲದ ಗುಲಾಮರು. ಗೈಡ್ ಅದನ್ನ ಹೇಳಿದ್ರೆ ಸರಿ. ಹೇಳದಿದ್ರೆ ನೀನೇ ಕೇಳು."

ಪ್ಲಾನಿನಲ್ಲಿ ಆ ಮನೆಗೆ ಇಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು ಸೆಲ್ಫಿಗೆ. ನಾನು ಕಾಗದವನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ.

ಲೊರೇನ್ ಬಿಡಲಿಲ್ಲ. ಅದರ ಹಿಂಬದಿಯಲ್ಲಿ ಒಂದು ವಿಳಾಸ ಬರೆದರು. "ನಮ್ಮಮ್ಮನ ಮನೆ. ಈಗ ನಮ್ಮಕ್ಕ ಡೆಲ್ಲಾ ಇರ್ತಾಳೆ. ಆ ದಾರೀಲಿ ಹೋದ್ರೆ, ಹಿತ್ತಿಲಲ್ಲಿ ಅಂಜೂರದ ಮರ ಇದ್ಯಾ ನೋಡ್ಕೊಂಡು ಬಾ. ಬೇಲಿ ಆಚೆಯಿಂದಾನೇ ಕಾಣುತ್ತೆ. ಬಾಗಿಲು ಮಾತ್ರ ತಟ್ಟಬೇಡ."

ಯಾಕೆ ಎಂದು ಕೇಳಲೋ ಬೇಡವೋ ಎನ್ನುವಷ್ಟರಲ್ಲಿ ಅವರೇ ಹೇಳಿದರು. ಹನ್ನೊಂದು ವರ್ಷದ ಹಿಂದೆ ತಾಯಿಗೆ ಕಾಯಿಲೆ ಜೋರಾದಾಗ ಇಲ್ಲಿ ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ಬಿಡುಗಡೆಯ ಗಡುವು ಇತ್ತಂತೆ. ಮುಗಿಸಿ ಅಲ್ಲಿ ಮುಟ್ಟುವಷ್ಟರಲ್ಲಿ ತಾಯಿ ಹೋಗಿ ಎರಡು ದಿನ. ಬಾಗಿಲು ತೆರೆದ ಅಕ್ಕ, "ಈಗ ಯಾಕೆ ಬಂದೆ?" ಎಂದು ಕೇಳಿದಳಂತೆ. ಅಲ್ಲಿಗೆ ಅಕ್ಕ ತಂಗಿಯ ಮಾತು ನಿಂತಿತು.

(ಇಲ್ಲಿ ಓದುವುದನ್ನು ನಿಲ್ಲಿಸಿ ಯಾರಿಗಾದರೂ ಫೋನ್ ಮಾಡಬೇಕೆನಿಸಿದರೆ ಮಾಡಿ ಬನ್ನಿ. ಅಂಕಣ ಎಲ್ಲೂ ಓಡಿಹೋಗುವುದಿಲ್ಲ.)

ವಿಳಾಸದ ಕೆಳಗೆ ಆ ಮನೆಯ ಫೋನ್ ನಂಬರನ್ನೂ ಬರೆದರು. "ದಾರಿ ತಪ್ಪಿದ್ರೆ ಇರಲಿ ಅಂತ." ನಕ್ಷೆ ಎಲ್ಲರ ಜೇಬಿನಲ್ಲೇ ಇರುವ ಈ ಕಾಲದಲ್ಲಿ ದಾರಿ ತಪ್ಪುವವರು ಯಾರು? ನನಗೆ ಆಗ ಹೊಳೆಯಲೇ ಇಲ್ಲ.

ಸಂಜೆ ಶ್ರೀಧರನಿಗೆ ಎಲ್ಲ ಹೇಳಿದೆ. ಅವನ ಕಣ್ಣೂ ತೇವವಾಯಿತು. ಆಮೇಲೆ ಕೇಳಿದ, "ಮರ ನೋಡೋಕೆ ಎಷ್ಟು ನಿಮಿಷ ಬೇಕು?"

ನಲವತ್ತೆರಡನೇ ಸಾಲು: ಅಂಜೂರದ ಮರ, ಹನ್ನೊಂದು ಇಪ್ಪತ್ತರಿಂದ ಹನ್ನೊಂದೂವರೆ.

ಮುಗಿಯಿತು ಎಂದುಕೊಂಡೆ. ಆದರೆ ನನ್ನ ಗಂಡನ ಶೀಟಿನಲ್ಲಿ ಪ್ರತಿ ಸಾಲಿನ ಮುಂದೆ 'ಕನ್ಫರ್ಮ್ಡ್' ಎಂಬ ಹಸಿರು ಗುರುತು ಇರಲೇಬೇಕು. ಮರಕ್ಕೆ ಇರಲಿಲ್ಲ. ಶನಿವಾರ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಊಟದ ಮೇಜಿನ ಬಳಿ ಅವನ ದನಿ ಕೇಳಿಸಿತು. ಫೋನು ಸ್ಪೀಕರಿನಲ್ಲಿತ್ತು.

"ಮ್ಯಾಮ್, ಮುಂದಿನ ತಿಂಗಳು ಎರಡನೇ ಶನಿವಾರ, ಹನ್ನೊಂದು ಇಪ್ಪತ್ತಕ್ಕೆ, ನಿಮ್ಮ ಅಂಜೂರದ ಮರ ನೋಡೋಕೆ ಬರಬಹುದಾ? ಹತ್ತು ನಿಮಿಷ ಸಾಕು."

ನನ್ನ ಕೈಯ ಸೌಟು ಅಲ್ಲೇ ನಿಂತಿತು.

"ಯಾರಪ್ಪಾ ನೀನು?" ಎಂದಿತು ಒಂದು ವಯಸ್ಸಾದ ದನಿ.

ಶ್ರೀಧರ ಹೆಸರು, ಊರು, ನನ್ನ ಆಫೀಸು, ಎಲ್ಲ ಒಪ್ಪಿಸಿದ.

"ಲೊರೇನ್ ಕಳಿಸಿದ್ಲಾ?"

"ಹೌದು ಮ್ಯಾಮ್. ಆದ್ರೆ ಬಾಗಿಲು ತಟ್ಟಬಾರದು ಅಂತ ಹೇಳಿದ್ದಾರೆ."

ಇಂಥ ಸತ್ಯಸಂಧನನ್ನು ಕಟ್ಟಿಕೊಂಡು ಹದಿನಾರು ವರ್ಷ ಬಾಳಿದ್ದೇನೆ. ಯಾರಾದರೂ ನನಗೊಂದು ಶಾಲು ಹೊದಿಸಬೇಕು.

ಫೋನಿನ ಆ ಕಡೆ ನಕ್ಕರೋ ಅತ್ತರೋ ತಿಳಿಯದಂಥ ಒಂದು ಸದ್ದು. ಆಮೇಲೆ ಗದರಿದರು. "ನಮ್ಮನೆಗೆ ಹತ್ತು ನಿಮಿಷಕ್ಕೆ ಅಂತ ಯಾರೂ ಬರಲ್ಲ. ಊಟ ಮಾಡ್ಕೊಂಡು ಹೋಗ್ಬೇಕು. ಅನ್ನ ತಿಂತೀರಾ ನೀವು? ನಮ್ಮ ಕಡೆ ಅನ್ನ ಇಲ್ದಿದ್ರೆ ಅದು ಊಟಾನೇ ಅಲ್ಲ."

"ನಮ್ಮ ಕಡೇನೂ ಹಾಗೇ ಮ್ಯಾಮ್" ಎಂದ ಶ್ರೀಧರ, ಕಳೆದುಹೋದ ಚಿಕ್ಕಮ್ಮ ಸಿಕ್ಕಿದವನ ಹಾಗೆ.

"ಸರಿ. ಮರದ ವಿಷಯ ಮಾತ್ರ ನಿಮಗೆ ಹೇಳಲ್ಲ. ಇದೆಯೋ ಇಲ್ವೋ ಅವಳೇ ಬಂದು ನೋಡ್ಲಿ." ಫೋನ್ ಇಟ್ಟರು.

ದೋಸೆ ಸೀದಿತ್ತು. ಗಂಡನ ಮೇಲೆ ಕೂಗಾಡಿದೆ. ಹನ್ನೊಂದು ವರ್ಷದ ಗಾಯ, ಇನ್ನೊಬ್ಬರ ಮನೆಯದು, ಅದಕ್ಕೆ ಕ್ಯಾಲೆಂಡರ್ ಇನ್ವೈಟ್ ಕಳಿಸಿದ ಹಾಗೆ ಫೋನ್ ಮಾಡಿದೆಯಲ್ಲ ಎಂದೆ. ಅವನು ಮಂಕಾಗಿ, "ನಂಬರ್ ಕೊಟ್ಟಿದ್ರಲ್ಲ" ಎಂದ. ಆ ನಂಬರ್ ದಾರಿ ಕೇಳುವುದಕ್ಕಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ಆದರೂ ಸೋಮವಾರ ಬೆಳಗ್ಗೆ ಲೊರೇನ್‌ಗೆ ಹೆದರುತ್ತಲೇ ವಿಷಯ ಹೇಳಿದೆ. ಅವರು ಪರದೆಯ ಕಡೆ ತಿರುಗಿ ಕೂತರು. ನೌಕರಿ ಹೋಗದಿದ್ದರೂ ಗೆಳೆತನವಂತೂ ಹೋಯಿತು ಎಂದುಕೊಂಡೆ.

ಅರ್ಧ ಗಂಟೆಯ ಮೇಲೆ ಕುರ್ಚಿಯನ್ನು ನನ್ನ ಕಡೆ ಉರುಳಿಸಿಕೊಂಡು ಬಂದು ಕೇಳಿದರು. "ಅವಳ ದನಿ ಹೇಗಿತ್ತು?"

"ಬೈಯೋ ಥರ ಇತ್ತು."

ಅವರ ಮುಖ ಅರಳಿತು. "ಹಾಗಾದ್ರೆ ಚೆನ್ನಾಗೇ ಇದ್ದಾಳೆ."

ಗುರುವಾರ ನಮ್ಮ ಫ್ಲೈಟ್ ನಂಬರ್ ಕೇಳಿದರು. ಶುಕ್ರವಾರ ಟಿಕೆಟ್ ತೆಗೆದುಕೊಂಡರು, ಅದೇ ವಿಮಾನ, ನಮ್ಮ ಹಿಂದಿನ ಸಾಲು. ಒಬ್ಬಳೇ ಹೋಗಿ ಆ ಬಾಗಿಲ ಮುಂದೆ ನಿಲ್ಲುವ ಧೈರ್ಯವಿಲ್ಲವಂತೆ. ನಾವು ಮುಂದೆ ನಿಂತರೆ ಅಕ್ಕ ಪರರ ಎದುರು ಬೈಯಲಾರಳು ಎಂಬ ಲೆಕ್ಕಾಚಾರ. (ಬೈಯುತ್ತಾರೆ. ಆ ದನಿಯನ್ನು ನಾನು ಕೇಳಿದ್ದೇನೆ.)

ಶ್ರೀಧರನ ಪಾಡು ಹೇಳತೀರದು. ಆ ಶನಿವಾರ ಹನ್ನೊಂದು ಇಪ್ಪತ್ತರ ನಂತರದ ಸಾಲುಗಳನ್ನೆಲ್ಲ ಅಳಿಸಬೇಕಾಯಿತು. ಕುದುರೆಗಾಡಿ ಹೋಯಿತು. ದೋಣಿ ಹೋಯಿತು. ಸೂರ್ಯಾಸ್ತವೂ ಹೋಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ.

ಹದಿನಾರು ವರ್ಷದಲ್ಲಿ ಈ ದೇಶದ ಎಷ್ಟೋ ಊರು ನೋಡಿದೆವು, ಸಾವಿರಾರು ಫೋಟೋ ತೆಗೆದೆವು. ಯಾವ ಊರಿನಲ್ಲಾದರೂ ನಮ್ಮ ದಾರಿ ಕಾಯುವವರು ಒಬ್ಬರಾದರೂ ಇದ್ದರೇ?