ಪುಟ್ಟಿಯ ಪರವಾಗಿಲ್ಲ

ನಲವತ್ತು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ಸಾಸ್ ತಯಾರಾಗುತ್ತದೆ. ಒಂದು ಸಲಕ್ಕೆ ಒಂದೇ ಪಾತ್ರೆ, ಒಂದರ ಹಾಗೆ ಇನ್ನೊಂದಿಲ್ಲ. ಅಣ್ಣ ಕುದಿಸುತ್ತಾನೆ, ಅತ್ತಿಗೆ ಬಾಟಲಿಗೆ ತುಂಬುತ್ತಾಳೆ. ನಡುವೆ ಕೂತು ಪುಟ್ಟಿ ರುಚಿ ನೋಡಬೇಕು. ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಸೌತೆಕಾಯಿ, ಬ್ರೆಡ್ಡು, ಹೀಗೆ ಎಲ್ಲರ ಮನೆಯಲ್ಲೂ ಇರುವ ತಿನಿಸಿನ ಮೇಲೆ ತೊಟ್ಟು ತೊಟ್ಟು ಹಾಕಿಕೊಂಡು, ಯಾವುದು ಯಾವುದಕ್ಕೆ ಹೊಂದುತ್ತದೆಂದು ಹೇಳಬೇಕು. ಬೆಳ್ಳುಳ್ಳಿ ಹಾಕಿದ್ದು ಮೊಟ್ಟೆಗೆ. ಹುಳಿ ಬಂದದ್ದು ಆಲೂಗಡ್ಡೆಗೆ. ಅವಳು ಹೇಳಿದ್ದೇ ಬಾಟಲಿಯ ಚೀಟಿಯ ಮೇಲೆ ಅಚ್ಚಾಗುತ್ತದೆ. ಅವಳ ಹೆಸರು ಮಾತ್ರ ಅಲ್ಲಿಲ್ಲ.

ಸಾಸ್ ಒಪ್ಪಿಗೆಯಾದರೆ ಅವಳ ಬಾಯಿಂದ ಬರುವುದು ಒಂದೇ ಮಾತು: "ಪರವಾಗಿಲ್ಲ." ಅದು ಬಿದ್ದ ಕೂಡಲೇ ಅತ್ತಿಗೆ ಮುಚ್ಚಳ ಬಿಗಿಯಲು ಶುರು.

"ನಮ್ಮ ಪುಟ್ಟಿಗಿರೋ ನಾಲಿಗೆ ಯಾರಿಗಿದೆ ಹೇಳಿ! ಇವಳಿಲ್ಲದಿದ್ರೆ ನಾವು ಅಂಗಡಿ ಮುಚ್ಚಬೇಕಾಗಿತ್ತು," ಎಂದು ಅಣ್ಣ ಬಂದವರೆದುರು ಹೊಗಳಿ ಅಟ್ಟಕ್ಕೇರಿಸುತ್ತಾನೆ. ಏರಿಸಿದವನು ಏಣಿಯನ್ನೂ ತೆಗೆದುಬಿಟ್ಟಿದ್ದಾನೆ.

ಆ ನಾಲಿಗೆಯ ಅಂಚಿನಲ್ಲಿ ಈಗ ಹುಣ್ಣು, ಹೊಟ್ಟೆಯಲ್ಲಿ ಉರಿ. ಖಾರ ಮುಟ್ಟಲೇಬೇಡಿ ಎಂದರು ಡಾಕ್ಟರು. ಸುದ್ದಿ ಕೇಳಿ ಅಣ್ಣ ನಿಜವಾಗಿಯೂ ಮರುಗಿದ. ಮರುಗಿ ಏನು ಮಾಡಿದ? ಅವಳ ತಟ್ಟೆಯ ಪಕ್ಕ ಒಂದು ಲೋಟ ತಣ್ಣನೆ ಹಾಲು ಇಡಿಸಿದ. ಮನೆಯವರು ಕೆಟ್ಟವರಾಗಿದ್ದರೆ ಜಗಳವಾಡಿ ಹೋಗಬಹುದಿತ್ತು. ಹಾಲಿಟ್ಟವರ ಜೊತೆ ಹೇಗೆ ಜಗಳವಾಡುವುದು?

ದಾರಿ ತೋರಿಸಿದವಳು ತಿರುವಿನ ಬೇಕರಿಯಮ್ಮ. "ನನ್ನ ಹತ್ರ ಬಂದುಬಿಡಿ. ಹಿಟ್ಟು ನಾದೋದು, ಬನ್ ಮೇಲೆ ಬೆಣ್ಣೆ ಸವರೋದು. ನಮ್ಮಲ್ಲಿ ಯಾವುದೂ ನಾಲಿಗೆ ಉರಿಸಲ್ಲಮ್ಮ," ಎಂದಿದ್ದಳು. ಇವತ್ತು ಮಧ್ಯಾಹ್ನ ಬೇಕರಿಗೆ ಸಾಸ್ ಒಯ್ಯಲು ಬಂದಾಗ ಉತ್ತರ ಬೇಕೆಂದೂ ಹೇಳಿದ್ದಳು.

ಬೆಳಿಗ್ಗೆಯೆಲ್ಲ ಪಾತ್ರೆ ತೊಳೆಯುತ್ತ ಪುಟ್ಟಿ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು: ಅಣ್ಣಾ, ನನ್ನ ಕೈಲಿ ಆಗಲ್ಲ, ನಾಳೆಯಿಂದ ಬೇಕರಿಗೆ ಹೋಗ್ತೀನಿ.

ಮಧ್ಯಾಹ್ನ ಹೊಸ ಪಾತ್ರೆ ಇಳಿಯಿತು. ಕೋಣೆಯ ತುಂಬ ಘಾಟು. ಒಂದೇ ಕಿಟಕಿ, ಅದರ ಮುಂದೆ ಖಾಲಿ ಬಾಟಲಿಗಳ ಪೆಟ್ಟಿಗೆಗಳು.

"ಅಣ್ಣಾ, ನಿನ್ನ ಹತ್ರ ಒಂದು ಮಾತು..."

"ಮೊದಲು ಇದನ್ನ ನೋಡೇ. ಮಾತು ಎಲ್ಲಿಗೆ ಓಡಿಹೋಗುತ್ತೆ?" ಅಣ್ಣ ಆಲೂಗಡ್ಡೆಯ ಹೋಳಿನ ಮೇಲೆ ಕೆಂಪಗೆ ಸಾಸ್ ಸುರಿದ.

ಬಾಯಿಗಿಟ್ಟು ನೋಡಿದಳು. ಸಾಸ್ ನೇರ ಹುಣ್ಣಿಗೇ ಹೋಗಿ ಕೂತಿತು. ಕಿವಿಯವರೆಗೂ ಬೆಂಕಿ, ಕಣ್ಣಲ್ಲಿ ದಳದಳ ನೀರು.

"ಅಯ್ಯೋ, ತುಂಬಾ ಉರೀತಾ ಪುಟ್ಟಿ?" ಎಂದು ಅತ್ತಿಗೆ ಬೆನ್ನು ಸವರಿದಳು.

ಯಾರಾದರೂ ಕನಿಕರದಿಂದ ಕೇಳಿದರೆ ಅವಳು ಹುಟ್ಟಿದಾಗಿನಿಂದ ಹೇಳುತ್ತ ಬಂದದ್ದೇ ಆಗಲೂ ಬಾಯಿಗೆ ಬಂತು: "ಪರವಾಗಿಲ್ಲ."

"ಕೇಳಿಸ್ತಾ? ಪರವಾಗಿಲ್ವಂತೆ! ಆಲೂಗಡ್ಡೆಗೆ ಅಂತ ಚೀಟಿ ಹಾಕಿ ತುಂಬು, ತುಂಬು!" ಎಂದ ಅಣ್ಣ.

ಅದು ಸಾಸಿಗೆ ಹೇಳಿದ್ದಲ್ಲ ಎನ್ನಲು ಬಾಯಿ ತೆರೆದಳು. ಅತ್ತಿಗೆ ಹಾಲಿನ ಲೋಟ ತುಟಿಗೆ ಹಿಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿಯಮ್ಮ, ಕಂಕುಳಲ್ಲಿ ಬಿಸಿ ಬ್ರೆಡ್ಡು.

"ಏನಮ್ಮ, ಯೋಚನೆ ಮಾಡಿದ್ರಾ?"

"ಏನು ಯೋಚನೆ?" ಅಣ್ಣ ಸೌಟು ಹಿಡಿದುಕೊಂಡೇ ತಿರುಗಿದ. "ನಮ್ಮ ಪುಟ್ಟಿನ ಕದಿಯೋಕೆ ಬಂದ್ರಾ ಹೇಗೆ?" ಎಂದು ತಾನೇ ನಕ್ಕ. ಅತ್ತಿಗೆ ನಗಲಿಲ್ಲ, ಅವಳ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು.

ಬೇಕರಿಯಮ್ಮ ಪುಟ್ಟಿಯನ್ನೇ ನೋಡಿದಳು. "ಹೇಳಿ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೊಳ್ಳಲಾ?"

ಜೋಡಿಸಿಟ್ಟ ಮಾತೆಲ್ಲ ಇತ್ತು. ನಾಲಿಗೆ ಮಾತ್ರ ಊದಿಕೊಂಡು, ತನ್ನದಲ್ಲವೆಂಬಂತೆ ಬಾಯಲ್ಲಿ ಬಿದ್ದಿತ್ತು. ಮೂವರೂ ಕಾಯುತ್ತಿದ್ದರು. ಆ ನಾಲಿಗೆಗೆ ರೂಢಿಯಾಗಿದ್ದ ಮಾತು ಒಂದೇ.

"ಪರವಾಗಿಲ್ಲ."

ಬೇಕರಿಯಮ್ಮ ತಂದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಸಾಸನ್ನೂ ಒಯ್ಯಲಿಲ್ಲ.

ಅಣ್ಣ ಬ್ರೆಡ್ಡು ಮುಟ್ಟಿ ನೋಡಿದ. "ಇನ್ನೂ ಬೆಚ್ಚಗಿದೆ ಕಣೇ," ಎನ್ನುತ್ತ ಒಂದು ಚೂರು ಮುರಿದು ಅದರ ಮೇಲೆ ಅದೇ ಸಾಸ್ ಸುರಿದು, ತಟ್ಟೆಯನ್ನು ತಂಗಿಯ ಮುಂದಕ್ಕೆ ತಳ್ಳಿದ. "ನೋಡು, ಇದಕ್ಕೂ ಹೊಂದುತ್ತಾ?"