ಮುದ್ರೆ ಒತ್ತಿದ ಓಟು

ನನ್ನ ಗಂಡ ತೀರಿಕೊಂಡ ಹದಿನೇಳನೆಯ ದಿನ ಅವರ ಹೆಸರಿಗೆ ಅಮೆರಿಕದಿಂದ ಒಂದು ಈಮೇಲ್ ಬಂತು. ‘ನಿಮ್ಮ ಮತಪತ್ರದ ಲಕೋಟೆಯ ಮೇಲೆ ಸಹಿ ಇಲ್ಲ. ಜೊತೆಗಿರುವ ಫಾರಂಗೆ ಶುಕ್ರವಾರದೊಳಗೆ ಸಹಿ ಮಾಡಿ ಕಳಿಸದಿದ್ದರೆ ನಿಮ್ಮ ಓಟನ್ನು ಎಣಿಸುವುದಿಲ್ಲ.’

ನಾನು ಓದಿದ್ದು ಬುಧವಾರ.

ಶ್ರೀಧರ್ ಜಪಾನಿನ ಯೋಕೋಹಾಮಾಕ್ಕೆ ಬರುವ ಮೊದಲು ಹನ್ನೆರಡು ವರ್ಷ ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದರು. ಅಲ್ಲಿಯ ಪೌರತ್ವ ಪಡೆದಿದ್ದರು. ಹಾಗಾಗಿ ಚುನಾವಣೆ ಬಂದಾಗಲೆಲ್ಲ ಆ ಊರಿನ ಮತಪತ್ರ ಅಂಚೆಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. (ನನಗೆ ಓಟಿರುವುದು ಮೈಸೂರಿನಲ್ಲಿ. ಹಾಕಬೇಕೆಂದರೆ ವಿಮಾನ ಹತ್ತಬೇಕು.)

ಈ ಸಲದ್ದು ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು. ಒಂದು ಹೆಸರಿನ ಮುಂದೆ ಪೆನ್ನಿನಿಂದ ಗುರುತು ಹಾಕುವಷ್ಟರಲ್ಲೇ ಕೈ ಸೋತಿತು. “ಸೈನ್ ಆಗಲ್ಲ ಕಣೇ, ಹಾಂಕೋ ಕೊಡು” ಎಂದರು. ಹಾಂಕೋ ಎಂದರೆ ಹೆಸರು ಕೆತ್ತಿದ ಪುಟ್ಟ ಮುದ್ರೆ. ಜಪಾನಿನಲ್ಲಿ ಬ್ಯಾಂಕಿಗೂ ಅದೇ, ಬಾಡಿಗೆ ಕರಾರಿಗೂ ಅದೇ. ಲಕೋಟೆಯ ಮೇಲೆ ಸಹಿಯ ಜಾಗದಲ್ಲಿ ಅವರೇ ಒತ್ತಿದರು. ನಾನೇ ಪೋಸ್ಟ್ ಮಾಡಿದೆ. ಅಮೆರಿಕದವರಿಗೆ ಕೆಂಪು ಮುದ್ರೆ ಸಹಿಯಲ್ಲ ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಇಲ್ಲಿ ಇಷ್ಟು ವರ್ಷ ಇದ್ದರೆ ಹೀಗೇ ಆಗುತ್ತದೆ.

ಗುರುವಾರ ಬೆಳಿಗ್ಗೆ ಪ್ರಸಾದ್ ಫೋನ್ ಮಾಡಿದರು. (ಹೆಸರು ಬದಲಿಸಿದ್ದೇನೆ. ಓದಿದರೆ ಅವರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ.) ಆ ಊರಿನಲ್ಲಿ ಶ್ರೀಧರ್ ಜೊತೆ ಒಂದೇ ಮನೆಯಲ್ಲಿದ್ದ ಹಾಸನದ ಗೆಳೆಯ. ಈ ಸಲ ಟೌನ್ ಕೌನ್ಸಿಲ್‌ಗೆ ನಿಂತಿದ್ದವರು. ಸಹಿ ತಪ್ಪಿದವರ ಪಟ್ಟಿ ಅಭ್ಯರ್ಥಿಗಳಿಗೂ ಸಿಗುತ್ತದಂತೆ.

“ಅತ್ತಿಗೆ, ಟೈ ಆಗಿದೆ. ಇಬ್ಬರಿಗೂ ಸಮ ಸಮ. ಬಾಕಿ ಇರೋದು ಒಂದೇ ಓಟು, ನಮ್ಮ ಶ್ರೀದು. ಒಂದು ಸೈನ್ ಹಾಕಿ ಸ್ಕ್ಯಾನ್ ಮಾಡಿ ಕಳಿಸಿಬಿಡಿ.”

“ಅವರೇ ಇಲ್ವಲ್ಲ ಪ್ರಸಾದ್.”

“ಓಟು ಹಾಕಿದ್ದು ಅವನೇ ಅಲ್ವಾ? ಕಳ್ಳ ಓಟು ಹೇಗಾಗುತ್ತೆ? ಅವನ ಸೈನು ನಿಮಗೆ ಬರಲ್ವಾ?”

ಬರುತ್ತದೆ. ಕಣ್ಣು ಮುಚ್ಚಿ ಹಾಕಬಲ್ಲೆ.

ಪ್ರಸಾದ್ ಬಿಡಲಿಲ್ಲ. ರೈಲು ಹಳಿಯ ಆಚೆಯವರು ಯಾವಾಗಲೂ ಎದುರಾಳಿಯ ಕಡೆಯಂತೆ. ಈಚೆಯವರು, ಟ್ಯಾಕ್ಸ್ ಇಳಿಸುತ್ತೇನೆ ಎಂದ ತಮ್ಮ ಕಡೆ. ಚರ್ಚ್ ಹಿಂದಿನ ನಾಲ್ಕು ಮನೆ ಮಾತ್ರ ಡೌಟು. “ಮನೆ ಮನೆ ಲಿಸ್ಟ್ ನನ್ನ ಹತ್ರ ಇದೆ ಅತ್ತಿಗೆ. ಶ್ರೀ ಹೆಸರಿಗೆ ಮೊದಲ ದಿನಾನೇ ಟಿಕ್ ಹಾಕಿದ್ದೆ.”

ನಮ್ಮ ಕಡೆಯ ಬೂತ್ ಏಜೆಂಟರು ನೆನಪಾದರು. ಯಾವ ಬೀದಿ, ಯಾವ ಜಾತಿ, ಯಾರ ಮನೆ ಎಂದು ಪಟ್ಟಿಯಲ್ಲಿ ಗೀಟು ಎಳೆಯುತ್ತಾರಲ್ಲ? ಅಮೆರಿಕದಲ್ಲಿ ಜಾತಿಯ ಜಾಗಕ್ಕೆ ರೈಲು ಹಳಿ. ಅಷ್ಟೇ.

“ನೋಡ್ತೀನಿ” ಎಂದು ಫೋನಿಟ್ಟೆ. ಆಸ್ಪತ್ರೆಯಲ್ಲಿ ಆ ಕಾಗದ ಹಿಡಿದುಕೊಂಡಿದ್ದವಳು ನಾನು. ಶ್ರೀಧರ್ ಗುರುತು ಹಾಕಿದ್ದು ಪ್ರಸಾದ್ ಹೆಸರಿಗಲ್ಲ.

“ಇದೇನ್ರೀ, ಪ್ರಸಾದ್‌ಗೆ ಅಲ್ವಾ?” ಎಂದು ಆಗಲೇ ಕೇಳಿದ್ದೆ.

“ಅವನು ಗೆದ್ರೆ ಟ್ಯಾಕ್ಸ್ ಇಳಿಸೋಕೆ ಅಂತ ಲೈಬ್ರರಿ ಮುಚ್ಚಿಸ್ತಾನೆ. ಆ ಊರಲ್ಲಿ ಮೊದಲ ಚಳಿಗಾಲ ನನ್ನ ಜೊತೆ ಮಾತಾಡಿದ್ದು ಲೈಬ್ರರಿ ಅಜ್ಜಿ ಒಬ್ಬಳೇ.”

“ಪ್ರಸಾದ್ ಕೇಳಿದ್ರೆ?”

“ಕೇಳೋದೇ ಇಲ್ಲ ಬಿಡು.”

ಈಗ ಹೇಳಿ, ನಾನೇನು ಮಾಡಬೇಕಿತ್ತು? ಸಹಿ ಹಾಕಿದರೆ ಪ್ರಸಾದ್ ಸೋಲುತ್ತಾರೆ, ತಾವೇ ಬೇಡಿ ತರಿಸಿಕೊಂಡ ಓಟಿನಿಂದ. ಲೈಬ್ರರಿ ಉಳಿಯುತ್ತದೆ. ಶ್ರೀಧರ್ ತಮ್ಮ ಕೈಯಾರೆ ಮಾಡಿದ ಕೊನೆಯ ಕೆಲಸ ಅದು. ಅದು ಎಣಿಕೆಗೆ ಬರಬೇಡವೇ?

ಇನ್ನೊಂದು ಸಂಕಟವೂ ಇತ್ತು. ವಾರ್ಡ್ ಆಫೀಸು, ಬ್ಯಾಂಕು, ಫೋನ್ ಕಂಪನಿ, ಎಲ್ಲ ಕಡೆ ‘ತೀರಿಕೊಂಡರು’ ಎಂದು ಬರೆದುಕೊಟ್ಟು ಬಂದಿದ್ದೆ. ಅವರು ಬದುಕಿದ್ದಾರೆ ಎಂದು ನಂಬಿದ್ದ ಕಚೇರಿ, ಈಮೇಲ್ ಕಳಿಸಿದ್ದ ಅದೊಂದೇ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಫಾರಂ ಪ್ರಿಂಟ್ ಮಾಡಿ ಟೇಬಲ್ ಮೇಲಿಟ್ಟೆ. ಸಹಿಯ ಮೊದಲ ಅಕ್ಷರ ಬರೆದೆ. ಶಾಲೆಗೆ ಹೊರಟಿದ್ದ ಹನ್ನೊಂದು ವರ್ಷದ ಮಗಳು ಬಗ್ಗಿ ನೋಡಿದಳು.

“ಅಮ್ಮಾ, ದೇ ಡೋಂಟ್ ನೋ? ಪಪ್ಪ ಇಲ್ಲ ಅಂತ?”

“ಇಲ್ಲ ಪುಟ್ಟಿ.”

“ಟೆಲ್ ದೆಮ್.”

ಶೂ ಹಾಕಿಕೊಂಡು ಹೋದಳು. ನಾನು ಆ ಒಂದು ಅಕ್ಷರ ಇನ್ನೊಮ್ಮೆ ನೋಡಿದೆ. ಆಮೇಲೆ ಫಾರಂ ಹರಿದೆ. ಎರಡು ಸಾಲು ಟೈಪ್ ಮಾಡಿ ಕಳಿಸಿದೆ. ಮತದಾರರು ತೀರಿಕೊಂಡಿದ್ದಾರೆ. ಆ ಮುದ್ರೆ ಅವರೇ ಒತ್ತಿದ್ದು.

ಮರುದಿನ ಉತ್ತರ ಬಂತು. ಸಂತಾಪಗಳು. ಓಟು ಎಣಿಸಲಾಗುವುದಿಲ್ಲ. ಪಟ್ಟಿಯಿಂದ ಹೆಸರು ತೆಗೆದಿದ್ದೇವೆ. ಅವತ್ತು ಅತ್ತಷ್ಟು ನಾನು ಚಿತಾಗಾರದಲ್ಲೂ ಅತ್ತಿರಲಿಲ್ಲ.

ಟೈ ಆದರೆ ಅಲ್ಲಿ ಚೀಟಿ ಎತ್ತುತ್ತಾರೆ. ಎತ್ತಿದರು. ಪ್ರಸಾದ್ ಗೆದ್ದರು. ಅವತ್ತೇ ಫೋನ್ ಮಾಡಿದರು. “ನೀವು ಸೈನ್ ಹಾಕ್ಲಿಲ್ಲ, ಹೋಗ್ಲಿ ಬಿಡಿ ಅತ್ತಿಗೆ. ಮೇಲಿಂದ ಶ್ರೀನೇ ನನಗೆ ಓಟು ಹಾಕಿದ್ದಾನೆ.”

“ಕಂಗ್ರಾಟ್ಸ್” ಎಂದೆ. ಇನ್ನೇನು ಹೇಳಲಿ?

ನಮ್ಮವರು ಎಂದ ಮಾತ್ರಕ್ಕೆ ‘ಓಟು ಯಾರಿಗೆ’ ಎಂದು ಒಂದು ಮಾತು ಕೇಳುವುದೂ ಬೇಡವೇ?